ಪಹಣಿ ಕಂಪ್ಯೂಟರಿಗೆ ಬಂದ ದಾರಿ

ಕರ್ನಾಟಕದಲ್ಲಿ ಭೂದಾಖಲೆ ಗಣಕೀಕರಣದ ಮೊದಲ ಪ್ರಾಯೋಗಿಕ ಯೋಜನೆ 1991ರಲ್ಲಿ ಶುರುವಾಯಿತು. 1996ರ ಹೊತ್ತಿಗೆ ಎಲ್ಲ ಜಿಲ್ಲೆಗಳಿಗೂ ಮಂಜೂರಾತಿ ಸಿಕ್ಕಿತ್ತು. ಆದರೆ ತಾಲ್ಲೂಕು ಕಚೇರಿಗೆ ಕಂಪ್ಯೂಟರ್ ಕೊಡುವ ಮಾತು ಅದರಲ್ಲಿ ಇರಲಿಲ್ಲ. ಕ್ರಯ, ಪೌತಿ, ವಿಭಾಗ ಎಂದು ಪಹಣಿಯಲ್ಲಿ ಹೆಸರು ಬದಲಾಗುತ್ತಿದ್ದುದು ಅಲ್ಲಿಯೇ. ತಿದ್ದುವ ಪುಸ್ತಕ ಒಂದು ಕಡೆ, ಯಂತ್ರ ಇನ್ನೊಂದು ಕಡೆ ಉಳಿದವು. ತುಂಬಿಸಿದ ಮಾಹಿತಿ ಹಳತಾಗಲು ಹೆಚ್ಚು ದಿನ ಬೇಕಿರಲಿಲ್ಲ. ಮಾಹಿತಿ ತುಂಬಿಸಿದರೆ ಗಣಕೀಕರಣ ಮುಗಿಯಿತು ಎಂಬ ಈ ಭ್ರಮೆ ದೊಡ್ಡ ಸಂಸ್ಥೆಗಳ ಮಾಹಿತಿ ವ್ಯವಸ್ಥೆಗಳನ್ನು ಇಂದಿಗೂ ಕಾಡುತ್ತಿದೆ.

ಕಂದಾಯ ಇಲಾಖೆ ಮತ್ತು ರಾಷ್ಟ್ರೀಯ ಮಾಹಿತಿ ಕೇಂದ್ರ ಸೇರಿ ರೂಪಿಸಿದ 'ಭೂಮಿ' ಯೋಜನೆ ಕಂಪ್ಯೂಟರನ್ನು ತಾಲ್ಲೂಕು ಕಚೇರಿಗೇ ತಂದಿತು. ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿಯಷ್ಟು ದಾಖಲೆಗಳನ್ನು ತುಂಬಿಸಲಾಯಿತು. ಅದಕ್ಕಿಂತ ದಿಟ್ಟ ತೀರ್ಮಾನ ಬೇರೊಂದಿತ್ತು: ಕೈಬರಹದ ಪಹಣಿಗೆ ಇನ್ನು ಮಾನ್ಯತೆಯಿಲ್ಲ ಎಂದು ಸರ್ಕಾರ ಸಾರಿತು. ಹಳೆಯದೂ ಇರಲಿ, ಹೊಸದೂ ಇರಲಿ ಎಂದು ಎರಡನ್ನೂ ಊರ್ಜಿತವಾಗಿ ಉಳಿಸುವುದು ಮೇಲ್ನೋಟಕ್ಕೆ ಸುರಕ್ಷಿತವೆನಿಸುತ್ತದೆ. ಆದರೆ ಎರಡರಲ್ಲಿ ವ್ಯತ್ಯಾಸ ಬಂದ ದಿನ ಯಾವುದು ನಿಜ ಎಂದು ಹೇಳುವವರೇ ಇರುವುದಿಲ್ಲ. ಯೋಜನೆಯನ್ನು ಗೆಲ್ಲಿಸಿದ್ದು ತಂತ್ರಾಂಶಕ್ಕಿಂತ ಹೆಚ್ಚಾಗಿ ಈ ಆದೇಶವೇ ಎನ್ನಬೇಕು.

ಅದುವರೆಗೆ ರೈತರು ಪಹಣಿಗಾಗಿ ಗ್ರಾಮ ಲೆಕ್ಕಿಗರನ್ನು ಹುಡುಕಿಕೊಂಡು ಅಲೆಯಬೇಕಿತ್ತು. ಒಬ್ಬೊಬ್ಬ ಲೆಕ್ಕಿಗರಿಗೆ ಹಲವು ಊರುಗಳ ಹೊಣೆ. 'ಭೂಮಿ' ಬಂದ ಮೇಲೆ ತಾಲ್ಲೂಕು ಕಚೇರಿಯ ಕಿಯಾಸ್ಕ್‌ನಲ್ಲಿ 15 ರೂಪಾಯಿ ಕೊಟ್ಟರೆ ಪಹಣಿ ಮುದ್ರಣವಾಗಿ ಕೈಗೆ ಬರುತ್ತಿತ್ತು. ಸಿಬ್ಬಂದಿಯ ಎದುರಿನ ಪರದೆಯ ಜೊತೆಗೆ ರೈತರ ಕಡೆ ಮುಖ ಮಾಡಿದ ಇನ್ನೊಂದು ಪರದೆಯೂ ಇತ್ತು. ತಮ್ಮ ಸರ್ವೆ ನಂಬರಿನ ಎದುರು ಏನಿದೆ ಎಂದು ಅವರೇ ನೋಡಬಹುದಿತ್ತು. ದಾಖಲೆ ತಿದ್ದುವ ನೌಕರರು ಬೆರಳಚ್ಚು ಕೊಟ್ಟೇ ವ್ಯವಸ್ಥೆಯ ಒಳಗೆ ಹೋಗಬೇಕಿತ್ತು. ಮ್ಯುಟೇಷನ್ (ಹಕ್ಕು ಬದಲಾವಣೆ) ಅರ್ಜಿಗಳು ಬಂದ ಸರದಿಯಲ್ಲೇ ವಿಲೇವಾರಿಯಾಗಬೇಕಿತ್ತು. ಬೇಕಾದವರ ಅರ್ಜಿಯನ್ನು ಮುಂದಕ್ಕೆ ತಳ್ಳಲು ತಂತ್ರಾಂಶ ಬಿಡುತ್ತಿರಲಿಲ್ಲ.

ಕಂಪ್ಯೂಟರಿಗೆ ಬಂದದ್ದೆಲ್ಲ ಸರಿಯೇ ಎಂಬ ನಂಬಿಕೆ ಮಾತ್ರ ಹುಸಿಯಾಯಿತು. ಹಳೆಯ ಪಹಣಿಯ ತಪ್ಪು ಹೆಸರು, ತಪ್ಪು ವಿಸ್ತೀರ್ಣಗಳು ಹೊಸದಕ್ಕೂ ಇಳಿದವು, ತಿದ್ದುಪಡಿಗಾಗಿ ರೈತರು ಮತ್ತೆ ಅಲೆದರು. ಭೂದಾಖಲೆ ಸುಲಭವಾಗಿ ಸಿಗುವಂತಾದದ್ದು ಸಣ್ಣ ರೈತರಿಗಿಂತ ದೊಡ್ಡ ಜಮೀನು ಖರೀದಿದಾರರಿಗೇ ಹೆಚ್ಚು ಅನುಕೂಲವಾಯಿತು ಎಂಬ ಟೀಕೆಯೂ ಸಂಶೋಧಕರಿಂದ ಬಂತು. ಅದನ್ನು ತಳ್ಳಿಹಾಕುವಂತಿಲ್ಲ.

ಇನ್ನೊಂದು ಕೊರತೆ ಇಲಾಖೆಗಳ ಗಡಿಯಲ್ಲಿತ್ತು. ಕ್ರಯಪತ್ರ ನೋಂದಣಿಯಾಗುವುದು ಉಪನೋಂದಣಾಧಿಕಾರಿ ಕಚೇರಿಯಲ್ಲಿ, 'ಕಾವೇರಿ' ತಂತ್ರಾಂಶದಲ್ಲಿ. ಪಹಣಿ ಬದಲಾಗುವುದು 'ಭೂಮಿ'ಯಲ್ಲಿ. ಮುಂದೆ ಎರಡನ್ನೂ ಜೋಡಿಸಿದ ಮೇಲೆ ನೋಂದಣಿಯ ವಿವರ ನೇರವಾಗಿ ಕಂದಾಯ ಇಲಾಖೆಗೆ ತಲುಪಿ, ಮ್ಯುಟೇಷನ್ ಅಲ್ಲಿಂದಲೇ ಶುರುವಾಗುವಂತಾಯಿತು.