ಒಳಗೋ, ಹೊರಗೋ

ಅವೆನ್ಯೂ ರಸ್ತೆಗೆ ದೊಡ್ಡಪೇಟೆಯೆಂಬ ಹೆಸರಿದ್ದುದನ್ನು ಬಲ್ಲವರು ಈಗ ಕಡಮೆ. ನಾನು ಎಂ.ಎ. ಓದುತ್ತಿದ್ದಾಗ ಆ ರಸ್ತೆಯೇ ನನಗೆ ಗ್ರಂಥಭಂಡಾರವಾಗಿದ್ದಿತು. 2003ರ ಜುಲೈ 15ರ ಬೆಳಿಗ್ಗೆ, ರೈಸ್ ಚರ್ಚಿನ ಬಳಿ ಹಳೆಯ ಪುಸ್ತಕ ಹರಡಿಕೊಂಡು ಕುಳಿತಿದ್ದ ಮುದುಕರೊಬ್ಬರೊಡನೆ ಒಂದು ನಿಘಂಟಿಗಾಗಿ ಚೌಕಾಸಿ ನಡೆಸಿದ್ದೆ. ಅವರು ಇದ್ದಕ್ಕಿದ್ದಂತೆ ಮಾತು ನಿಲ್ಲಿಸಿ, ನನ್ನ ಕಂಕುಳಲ್ಲಿದ್ದ ಪತ್ರಿಕೆಯತ್ತ ಕೈ ತೋರಿಸಿ, “ಲಾಹೋರಿನ ಮಗೂದು ಏನು ಬರೆದಿದ್ದಾರೆ, ಓದಪ್ಪ” ಎಂದರು. ಪುಸ್ತಕ ಮಾರಿಯೇ ಬದುಕಿದವರಾದರೂ ಅವರಿಗೆ ಓದು ಬರುತ್ತಿರಲಿಲ್ಲ. ಆಪರೇಷನ್ ಇವತ್ತೇ ಎಂದೆ. “ಅಪ್ಪ ಅಮ್ಮ ಎಲ್ಲಿರ್ತಾರೆ? ಒಳಗೋ, ಹೊರಗೋ?” ಎಂದು ಕೇಳಿದರು.

ಆ ಮಗು ಎರಡೂವರೆ ವರ್ಷದ ನೂರ್ ಫಾತಿಮಾ. ಹುಟ್ಟಿನಿಂದಲೇ ಹೃದಯದಲ್ಲಿ ರಂಧ್ರ. 2001ರ ಡಿಸೆಂಬರಿನಲ್ಲಿ ನಮ್ಮ ಸಂಸತ್ತಿನ ಮೇಲೆ ದಾಳಿಯಾದ ಬಳಿಕ ನಿಂತುಹೋಗಿದ್ದ ದಿಲ್ಲಿ–ಲಾಹೋರ್ ಬಸ್ಸು 2003ರ ಜುಲೈ 11ರಂದು ಮತ್ತೆ ಹೊರಟಿತು. ಲಾಹೋರಿನಿಂದ ಬಂದ ಆ ಮೊದಲ ಬಸ್ಸಿನಲ್ಲಿಯೇ ತಂದೆತಾಯಿ ಮಗುವನ್ನೆತ್ತಿಕೊಂಡು ಬಂದರು. ಹಿಂದಿನ ವರ್ಷ ಗಡಿಯಲ್ಲಿ ಎರಡೂ ಸೈನ್ಯಗಳು ಎದುರುಬದುರು ನಿಂತಿದ್ದುವೆಂಬುದನ್ನು ಓದುಗರು ಮರೆಯಬಾರದು. ಅಂಥ ಕಾಲದಲ್ಲಿ ಮಗಳ ಎದೆಯನ್ನು ಕೊಯ್ಯಲು ಬೆಂಗಳೂರಿನ ನಾರಾಯಣ ಹೃದಯಾಲಯದ ವೈದ್ಯರ ಕೈಗೆ ಒಪ್ಪಿಸುವುದೆಂದರೆ ಸಾಮಾನ್ಯವಾದ ನಂಬಿಕೆಯಲ್ಲ.

ಮುದುಕರ ಪ್ರಶ್ನೆಗೆ “ಹೊರಗೆ” ಎಂದು ಥಟ್ಟನೆ ಉತ್ತರ ಕೊಟ್ಟಿದ್ದೆ. ಅದು ಯಾವಾಗಲೂ ನಿಜವಾಗಿರಲಿಲ್ಲವೆಂಬುದು ಬಹುಕಾಲದ ಮೇಲೆ ಓದಿದಾಗ ತಿಳಿಯಿತು. ಹೃದಯವನ್ನು ತೆರೆದು ರಂಧ್ರ ಹೊಲಿಯಬೇಕಾದರೆ ಅದರಲ್ಲಿ ಹರಿಯುವ ರಕ್ತವನ್ನು ತಡೆಯಬೇಕು. ತಡೆದರೆ ಕೆಲವೇ ನಿಮಿಷಗಳಲ್ಲಿ ಮಿದುಳು ಕೆಡುತ್ತದೆ. ಅಮೆರಿಕದ ಮಿನಿಯಾಪೊಲಿಸ್ ನಗರದಲ್ಲಿ ಡಾಕ್ಟರ್ ಲಿಲ್ಲೆಹೈ ಎಂಬವರು ಇದಕ್ಕೊಂದು ಎದೆಗಾರಿಕೆಯ ಉಪಾಯ ಹೂಡಿದರು. 1954ರ ಮಾರ್ಚ್ 26ರಂದು ಒಂದು ವರ್ಷದ ಗ್ರೆಗರಿ ಗ್ಲಿಡನ್ ಎಂಬ ಹಸುಳೆಯನ್ನೂ ಅವನ ತಂದೆಯನ್ನೂ ಅಕ್ಕಪಕ್ಕ ಮಲಗಿಸಿ, ನಳಿಗೆಗಳಿಂದ ಇಬ್ಬರ ರಕ್ತನಾಳಗಳನ್ನು ಜೋಡಿಸಿದರು. ನಡುವೆ ಒಂದು ಪಂಪು. ಮಗನ ರಕ್ತ ತಂದೆಯ ಶ್ವಾಸಕೋಶದಲ್ಲಿ ಶುದ್ಧಿಯಾಗಿ ಮರಳುತ್ತಿದ್ದಿತು. ಆ ದಂಪತಿಗಳು ಅದೇ ರೋಗಕ್ಕೆ ಮೊದಲೇ ಒಬ್ಬ ಮಗಳನ್ನು ಕಳೆದುಕೊಂಡಿದ್ದರು. ರಂಧ್ರವೇನೋ ಮುಚ್ಚಿತು; ಹನ್ನೊಂದು ದಿನಗಳ ಬಳಿಕ ನ್ಯುಮೋನಿಯಾದಿಂದ ಮಗು ತೀರಿಕೊಂಡಿತು.

ಆದರೂ ಬೇರೆ ತಂದೆತಾಯಿಗಳು ಮುಂದೆ ಬಂದರು. ಸುಮಾರು ಒಂದು ವರ್ಷದಲ್ಲಿ 45 ಮಂದಿಗೆ ಹೀಗೆ ಚಿಕಿತ್ಸೆಯಾಗಿ, 28 ಮಂದಿ ಬದುಕಿ ಮನೆಗೆ ಹೋದರು. ರಕ್ತವನ್ನು ಎರವಲು ಕೊಟ್ಟವರಲ್ಲಿ ಯಾರೂ ಸಾಯಲಿಲ್ಲ. ಆದರೆ ಒಬ್ಬ ತಾಯಿಯ ಮಿದುಳಿಗೆ ಪೆಟ್ಟಾಯಿತು. 1955ರಿಂದೀಚೆಗೆ ಯಂತ್ರ ಕೈಗೆ ಬಂದು, ಹೆತ್ತವರ ದೇಹದ ಅಗತ್ಯ ಕಳೆಯಿತು. ಒಳ್ಳೆಯದೇ ಆಯಿತೆನ್ನಿ. ಆದರೆ ಗಂಡಾಂತರದಲ್ಲಿ ಪಾಲು ಪಡೆಯುವುದೂ ಹೆತ್ತವರಿಗೆ ಒಂದು ಸಮಾಧಾನ. ಏನೂ ಮಾಡಲಾಗದೆ ಬಾಗಿಲಾಚೆ ಕೂರುವುದು ಅದಕ್ಕಿಂತ ಕಷ್ಟವೆಂದು ನನ್ನ ಎಣಿಕೆ. ಲಾಹೋರಿನ ದಂಪತಿಗಳಿಗೆ ಉಳಿದಿದ್ದುದು ಆ ಬಾಗಿಲು, ಮತ್ತು ಪ್ರಾರ್ಥನೆ. ಊರಿನ ಎಷ್ಟೋ ಮಂದಿ ಅವರೊಡನೆ ಅದನ್ನೇ ಮಾಡಿದರು.

ಚಿಕಿತ್ಸೆ ಸಫಲವಾಯಿತು. ಮರುದಿನ ಹೇಳಲೆಂದು ಪೇಟೆಗೆ ಹೋದೆ. ಮುದುಕರಿಗೆ ಆಗಲೇ ಗೊತ್ತಾಗಿತ್ತು. ನಿಘಂಟನ್ನು ಕಾಗದದಲ್ಲಿ ಸುತ್ತುತ್ತ, “ಈಗಲಾದರೂ ಒಳಕ್ಕೆ ಬಿಟ್ಟರಂತಾ ಅವರನ್ನ?” ಎಂದು ಕೇಳಿದರು.