ರೈಲು ಹತ್ತಿಸಿಕೊಂಡಿತು, ಬಂಡಿ ಹತ್ತಿಸಿಕೊಳ್ಳಲಿಲ್ಲ

ಪೋಸ್ಟ್ ಸ್ವಲ್ಪ ಉದ್ದ ಐತಿ, ಪುರುಸೊತ್ತು ಮಾಡಿಕೊಂಡು ಓದ್ರಿ.

ಹುನಗುಂದ ತಾಲೂಕಿನ ನಮ್ಮೂರಿಗೆ ಫೈಬರ್ ನೆಟ್ ಬಂದು ಎರಡು ವರ್ಷ ಆತು. ಅಗಸಿಯಿಂದ ಬಸ್ ಸ್ಟ್ಯಾಂಡ್ ತನಕ ಕರೆಂಟ್ ಕಂಬಕ್ಕೆ ಕರೀ ವೈರ್ ಎಳೆದಾರ. ನಮ್ಮ ಕೇರಿ ಇರೋದು ಹಳ್ಳದ ಆಚೆ. ಹೋದ ತಿಂಗಳು ಕೇರಿಯ ನಾಲ್ಕು ಹುಡುಗರು ಕೂಡಿ ಕೇಬಲ್ಲಿನವನ ಹತ್ರ ಹೋದರು. "ಆ ಕಡೆ ಲೈನ್ ಇಲ್ಲ" ಅಂದ. ಯಾವಾಗ ಎಳೀತೀರಿ ಅಂದ್ರ "ಗಿರಾಕಿ ಆಗಬೇಕಲ್ಲ" ಅಂದ. ನಾಲ್ಕು ಗಿರಾಕಿ ಎದುರಿಗೇ ನಿಂತಾರ! ಜಾತಿ ಮಾತು ಅವನ ಬಾಯಾಗ ಬರಲಿಲ್ಲ, ಈಗ ಯಾರ ಬಾಯಾಗೂ ಬರೋದಿಲ್ಲ. ಹಳ್ಳ ಅಡ್ಡ ಐತಿ ಅಂದ, ಅಷ್ಟೇ.

ಅವರಲ್ಲಿ ಒಬ್ಬ, ಪಿಡಿಒ ಪರೀಕ್ಷೆಗೆ ಓದ್ತಿರೋ ಹುಡುಗ, ನನ್ನ ಕೇಳಿದ: "ಅಣ್ಣಾ, ಈ ನೆಟ್ ಕಂಪನಿಗಳು ಭೇದ ಮಾಡಬಾರದು ಅಂತ ಸರಕಾರದ್ದು ಕಾನೂನು ಇಲ್ಲೇನು?" ಐತಿ ತಮ್ಮಾ. 2016ರಾಗ ಬಂದೈತಿ, ಹೊರದೇಶದವರೂ ಹೊಗಳಿದ ನಿಯಮ ಅದು. ಆದ್ರ ಅದು ಎಂಥಾ ಭೇದವನ್ನ ತಡೀತದ, ಎಂಥಾದ್ದನ್ನ ತಡೆಯಂಗಿಲ್ಲ ಅನ್ನೋದು ತಿಳೀಬೇಕಂದ್ರ ಹಿಂದಕ್ಕ, ರೈಲಿನ ಕಾಲಕ್ಕ ಹೋಗಬೇಕು.

1884ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹೋಟಗಿಯಿಂದ ಗದಗಿಗೆ ಮೀಟರ್ ಗೇಜ್ ಹಳಿ ಹಾಕಿತು. ಬಾಗಲಕೋಟೆಗೂ ಬಾದಾಮಿಗೂ ರೈಲು ಬಂತು. ಹುನಗುಂದ, ಇಳಕಲ್ಲಿನ ಕಡೆ ಬರಲಿಲ್ಲ. ಅದು ನಮ್ಮ ಭಾಗದ ಮೊದಲ ದೊಡ್ಡ 'ನೆಟ್‌ವರ್ಕ್'. ಅದನ್ನು ನಡೆಸುವುದು ಕಂಪನಿ, ಆದರೆ ನಡೆಸುವ ಹಕ್ಕು ಸರ್ಕಾರ ಕೊಟ್ಟದ್ದು. ಹೀಗಾಗಿ ಕಂಪನಿ ತನಗೆ ಬೇಕಾದವರನ್ನು ಮಾತ್ರ ಹತ್ತಿಸಿಕೊಳ್ಳುವಂತಿರಲಿಲ್ಲ. 1890ರ ರೈಲ್ವೆ ಕಾಯ್ದೆ, ಯಾರಿಗೂ ಅನುಚಿತ ಆದ್ಯತೆ ಕೊಡಬಾರದು ಅಂತ ಸ್ಪಷ್ಟವಾಗಿ ಕಟ್ಟು ಹಾಕಿತು. ಅದನ್ನು ಬರೆದದ್ದು ನಮಗಾಗಿ ಅಲ್ಲ ಬಿಡ್ರಿ, ವ್ಯಾಪಾರಸ್ಥರ ಸರಕಿಗಾಗಿ. ಆದರೂ ಗುಡಿಯೊಳಗೆ ಕಾಲಿಡಲಾಗದ ಮನುಷ್ಯ ಬಾದಾಮಿ ಸ್ಟೇಷನ್ನಿನಲ್ಲಿ ಮೂರನೇ ದರ್ಜೆಯ ಟಿಕೆಟ್ ತಗೊಂಡರೆ ರೈಲು ಅವನನ್ನು ಒಯ್ಯಲೇಬೇಕಿತ್ತು.

ಮುಂದಿನದು ನಿಮಗೆಲ್ಲಾ ಗೊತ್ತಿರೋ ಕಥೆ, ಆದ್ರ ಈ ಕಣ್ಣಿಂದ ಇನ್ನೊಮ್ಮೆ ನೋಡ್ರಿ. 1901. ಹತ್ತರ ಆಸುಪಾಸಿನ ಹುಡುಗ ಭೀಮರಾವ್, ಅಣ್ಣ ಮತ್ತು ಸಂಬಂಧಿಕ ಹುಡುಗರ ಜೊತೆ, ಕೋರೆಗಾವದಲ್ಲಿ ನೌಕರಿಯಲ್ಲಿದ್ದ ಅಪ್ಪನನ್ನು ನೋಡಲು ಸಾತಾರಾದಿಂದ ಹೊರಟ. ಅದೂ ಸದರ್ನ್ ಮರಾಠಾ ರೈಲ್ವೆಯದೇ ದಾರಿ. ರೈಲಿನಲ್ಲಿ ತೊಂದರೆ ಆಗಲಿಲ್ಲ. ಮಸೂರ್ ಸ್ಟೇಷನ್ನಿನಲ್ಲಿ ಇಳಿದರು. ಒಳ್ಳೆ ಬಟ್ಟೆ ತೊಟ್ಟ ಹುಡುಗರನ್ನು ನೋಡಿ ಸ್ಟೇಷನ್ ಮಾಸ್ಟರ್ ಪ್ರೀತಿಯಿಂದ ವಿಚಾರಿಸಿದ. ಮಹಾರರು ಅಂತ ಗೊತ್ತಾದ ಕೂಡಲೇ ಅವನ ಮುಖವೇ ಬದಲಾಯಿತು. ಹೊರಗೆ ಬಂಡಿಗಳಿದ್ದವು, ಒಬ್ಬನೂ ಹತ್ತಿಸಿಕೊಳ್ಳಲಿಲ್ಲ. ಕೊನೆಗೆ ಒಪ್ಪಂದ ಆಯಿತು: ಬಾಡಿಗೆ ದುಪ್ಪಟ್ಟು, ಬಂಡಿ ಹುಡುಗರೇ ಹೊಡೆಯಬೇಕು, ಬಂಡಿಯವ ಪಕ್ಕದಲ್ಲಿ ನಡೆದು ಬರುತ್ತಾನೆ.

ಹಳಿಯ ಮೇಲೆ ಕಾನೂನು ಇತ್ತು. ಸ್ಟೇಷನ್ನಿನಿಂದ ಮನೆಗೆ ಹೋಗುವ ದಾರಿಯಲ್ಲಿ ಇರಲಿಲ್ಲ. ಇಂಟರ್ನೆಟ್ ನಿಯಂತ್ರಣದ ಚರ್ಚೆ ಬಂದಾಗೆಲ್ಲ ನನಗೆ ಮಸೂರಿನ ಆ ಬಂಡಿ ನೆನಪಾಗ್ತದ.

ಇನ್ನೊಂದು ಇತಿಹಾಸ ನಮ್ಮ ಜಿಲ್ಲೆಗೇ ಸೇರಿದ್ದು, ನಮ್ಮವರಿಗೇ ಗೊತ್ತಿಲ್ಲ. ಬಾಗಲಕೋಟೆ, ಬಾದಾಮಿ, ಹುನಗುಂದ ಎಲ್ಲಾ ಆಗ ಮುಂಬಯಿ ಪ್ರಾಂತ್ಯದ ವಿಜಾಪುರ ಜಿಲ್ಲೆಯೊಳಗಿದ್ದವು. 1923ರ ಆಗಸ್ಟ್ 4ರಂದು ಮುಂಬಯಿ ವಿಧಾನ ಪರಿಷತ್ತಿನಲ್ಲಿ ಎಸ್.ಕೆ. ಬೋಲೆ ಅವರ ಠರಾವು ಪಾಸಾಯಿತು. ಸಾರ್ವಜನಿಕ ಹಣದಿಂದ ಕಟ್ಟಿದ ಇಲ್ಲವೇ ನಡೆಯುತ್ತಿರುವ ಕೆರೆ, ಬಾವಿ, ಧರ್ಮಶಾಲೆ, ಜೊತೆಗೆ ಸರ್ಕಾರಿ ಶಾಲೆ, ಕಚೇರಿ, ದವಾಖಾನೆ ಅಸ್ಪೃಶ್ಯರಿಗೂ ಮುಕ್ತ ಅಂತ. ಅಂದರೆ ಮಹಾಡದ ಚವದಾರ್ ಕೆರೆಗೆ ಅನ್ವಯವಾದ ಠರಾವು ನಮ್ಮ ಹುನಗುಂದದ ಬಾವಿಗೂ ಅನ್ವಯವಾಗಿತ್ತು. ಕಾಗದದ ಮ್ಯಾಲ.

ಮಹಾಡದ ಪುರಸಭೆ 1924ರಲ್ಲಿ ಕೆರೆ ಮುಕ್ತ ಅಂತ ನಿರ್ಣಯವನ್ನೂ ಮಾಡಿತು. ಒಬ್ಬ ದಲಿತನೂ ನೀರು ಮುಟ್ಟಲಾಗಲಿಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರ ಜೊತೆ ಹೋಗಿ ನೀರು ಮುಟ್ಟಿದರು. ಸವರ್ಣರು ಕೆರೆಗೆ ಶುದ್ಧಿ ಮಾಡಿದರು, ಪುರಸಭೆ ತನ್ನ ನಿರ್ಣಯ ವಾಪಸ್ ತಗೊಂಡಿತು. ಆಮೇಲೆ ಕೋರ್ಟಿಗೆ ಹೋದ ಸವರ್ಣರ ವಾದ ಏನು ಗೊತ್ತೇನ್ರಿ? ಇದು ಸಾರ್ವಜನಿಕ ಕೆರೆ ಅಲ್ಲ, ನಮ್ಮ ಖಾಸಗಿ ಆಸ್ತಿ ಅಂತ! ಮುಂಬಯಿ ಹೈಕೋರ್ಟ್ ಆ ವಾದ ತಳ್ಳಿಹಾಕಿದ್ದು 1937ರ ಮಾರ್ಚ್ 17ರಂದು. ಹತ್ತು ವರ್ಷ ಹಿಡೀತು. ಸಂವಿಧಾನದ 15(2)ನೇ ವಿಧಿಯಲ್ಲಿ ಬಾವಿ, ಕೆರೆ, ರಸ್ತೆ ಅಂತ ಒಂದೊಂದನ್ನೇ ಹೆಸರು ಹಿಡಿದು ಬರೆದದ್ದು ಯಾಕಂತ ಈಗ ತಿಳೀತಲ್ಲ.

"ನಮ್ಮ ಖಾಸಗಿ ಆಸ್ತಿ" ಅನ್ನೋ ಆ ಮಾತೇ ಇಂಟರ್ನೆಟ್ಟಿಗೂ ಬಂತು. 1995ರಲ್ಲಿ ಸುಪ್ರೀಂ ಕೋರ್ಟ್, ಗಾಳಿಯಲ್ಲಿ ಹರಿಯೋ ತರಂಗಗಳು ಸಾರ್ವಜನಿಕ ಆಸ್ತಿ ಅಂತ ತೀರ್ಪು ಕೊಟ್ಟಿತ್ತು. 1997ರಲ್ಲಿ ಟ್ರಾಯ್, ಅಂದರೆ ಟೆಲಿಕಾಂ ನಿಯಂತ್ರಣ ಪ್ರಾಧಿಕಾರ ಹುಟ್ಟಿತು. (ನಮ್ಮ ಬಾಗಲಕೋಟೆ ಜಿಲ್ಲೆ ಹುಟ್ಟಿದ್ದೂ ಅದೇ ವರ್ಷ.) 2014ರ ಕೊನೆಗೆ ಏರ್‌ಟೆಲ್, ಇಂಟರ್ನೆಟ್ ಮೂಲಕ ಮಾಡುವ ಕರೆಗೆ ಬೇರೆ ದರ ಹಾಕ್ತೀನಿ ಅಂತ ಹೊರಟು ಹಿಂದೆ ಸರಿಯಿತು. ಕಂಪನಿಗಳ ವಾದ: ಕೋಟಿಗಟ್ಟಲೆ ಹಾಕಿ ಟವರ್ ಕಟ್ಟಿದವರು ನಾವು, ಅದರ ಮ್ಯಾಲ ವಾಟ್ಸಾಪಿನವರು ಪುಕ್ಕಟೆ ಸವಾರಿ ಮಾಡ್ತಾರ. ವಾದದಲ್ಲಿ ಹುರುಳೇ ಇಲ್ಲ ಅಂತಲ್ಲ, ಟವರ್ ಕಟ್ಟೋಕೆ ರೊಕ್ಕ ಬೇಕೇ ಬೇಕು. ಆದರೆ ಡೇಟಾಕ್ಕೆ ಗಿರಾಕಿ ಒಮ್ಮೆ ರೊಕ್ಕ ಕೊಟ್ಟ ಮ್ಯಾಲ ಅದರಿಂದ ಏನು ನೋಡಬೇಕು ಅನ್ನೋದು ಅವನ ಮರ್ಜಿ. ಟಿಕೆಟ್ ತಗೊಂಡವ ಯಾವ ಊರಿನ ಜಾತ್ರೆಗೆ ಹೊಂಟಾನ ಅಂತ ರೈಲಿನವರು ಕೇಳ್ತಾರೇನು?

2015ರ ಮಾರ್ಚ್‌ನಲ್ಲಿ ಟ್ರಾಯ್ ಒಂದು ಚರ್ಚಾಪತ್ರ ಹೊರಡಿಸಿತು. 118 ಪುಟ, 20 ಪ್ರಶ್ನೆ, ಇಂಗ್ಲಿಷಿನಲ್ಲಿ. ಹತ್ತು ಲಕ್ಷಕ್ಕೂ ಹೆಚ್ಚು ಇಮೇಲ್ ಹೋದವು. ನಾನೂ ನವನಗರದ ಒಂದು ಸೈಬರ್ ಕೆಫೆಯಲ್ಲಿ ಕುಂತು ಒಂದು ಕಳಿಸಿದೆ. ಖರೇ ಹೇಳ್ತೀನಿ, ಯಾರೋ ಬರೆದಿಟ್ಟದ್ದನ್ನು ಒತ್ತಿದೆ ಅಷ್ಟೇ, ಅರ್ಧ ತಿಳಿದಿರಲಿಲ್ಲ.

ನನಗೆ ವಿಷಯ ತಿಳಿದದ್ದು ಫ್ರೀ ಬೇಸಿಕ್ಸ್ ಬಂದಾಗ. ಫೇಸ್‌ಬುಕ್ ಕಂಪನಿಯದು, ರಿಲಯನ್ಸ್ ಕಮ್ಯುನಿಕೇಷನ್ಸ್ ಜೊತೆಗೆ. ಬಡವರಿಗೆ ಇಂಟರ್ನೆಟ್ ಪುಕ್ಕಟೆ, ಆದರೆ ಇಡೀ ಇಂಟರ್ನೆಟ್ ಅಲ್ಲ, ಆರಿಸಿದ ಕೆಲವು ಸೈಟ್ ಮಾತ್ರ. ಫೇಸ್‌ಬುಕ್ ಇತ್ತು, ವಿಕಿಪೀಡಿಯಾ ಇತ್ತು, ಯೂಟ್ಯೂಬ್ ಇರಲಿಲ್ಲ. 2015ರ ಡಿಸೆಂಬರಿನಲ್ಲಿ ಪೇಪರಿನ ಪುಟಗಟ್ಟಲೆ ಜಾಹೀರಾತು. ಮಾರ್ಕ್ ಝುಕರ್‌ಬರ್ಗ್ ತಾನೇ ಪೇಪರಿಗೆ ಬರೆದ: ಗ್ರಂಥಾಲಯದಲ್ಲಿ ಎಲ್ಲಾ ಪುಸ್ತಕ ಇರೋದಿಲ್ಲ, ಆದರೂ ಅದರಿಂದ ಉಪಯೋಗ ಆಗ್ತದಲ್ಲ ಅಂತ.

ಇಳಕಲ್ಲಿನಲ್ಲಿ ಗ್ರಾನೈಟ್ ಪಾಲಿಶ್ ಮಾಡುವ ನನ್ನ ಗೆಳೆಯ ಒಬ್ಬ ಇದ್ದಾನ. ಅವನ ಮುಂದ ನಾನು ಫ್ರೀ ಬೇಸಿಕ್ಸ್ ಬೈಯ್ಯಾಕ ಹತ್ತಿದರೆ ಅವ ಸಿಟ್ಟಾದ. "ಪುಕ್ಕಟೆ ಕೊಟ್ರ ನಿನಗೇನಲೇ ಹೊಟ್ಟಿ ಉರಿ? ನಿನಗ ಫುಲ್ ನೆಟ್ ಐತಿ, ನನಗ ಅಷ್ಟರ ಇರಲಿ." ಈ ಮಾತಿಗೆ ದಿಲ್ಲಿ, ಬೆಂಗಳೂರಿನ ನೆಟ್ ನ್ಯೂಟ್ರಾಲಿಟಿ ಮಂದಿ ಕೊಟ್ಟ ಉತ್ತರ ನನಗೆ ಸಾಲಲಿಲ್ಲ. ಅವರು ಹೊಸ ಸ್ಟಾರ್ಟಪ್ ಕಂಪನಿಗಳಿಗೆ ಅನ್ಯಾಯ ಆಗ್ತದ ಅಂತಿದ್ದರು. ನನ್ನ ಗೆಳೆಯನಿಗೆ ಸ್ಟಾರ್ಟಪ್ ಕಟ್ಟಿಕೊಂಡು ಏನಾಗಬೇಕು?

ಉತ್ತರ ಹೊಳೆದದ್ದು ನಮ್ಮ ಆಯಿಯ ಮಾತಿನಿಂದ. ಅಕಿ ಸಣ್ಣಾಕಿ ಇದ್ದಾಗ ಊರ ಬಾವಿಗೆ ಹೋಗ್ತೀವಿ ಅಂತ ನಮ್ಮವರು ಎದ್ದಾಗ, ಊರವರು ಹೊಡೆಯಲಿಲ್ಲ. ಬಹಳ ಸಮಾಧಾನದಿಂದ, "ನಿಮಗ ಬ್ಯಾರೆ ಬಾವಿ ತೋಡಿಸಿಕೊಡ್ತೀವಿ" ಅಂದರಂತ. ತೋಡಿಸಿದರು. ನಮ್ಮವರು ಕುಡಿದರು. ಬಾಯಾರಿದವರು ಕುಡಿಯದೇ ಏನು ಮಾಡ್ತಾರ, ಅದಕ್ಕ ನಾನು ಆ ತಲೆಮಾರನ್ನ ಹಳಿಯೋದಿಲ್ಲ, ಗೆಳೆಯನನ್ನೂ ಹಳಿಯೋದಿಲ್ಲ. ಆದರೆ ಆ ಬಾವಿ ಬ್ಯಾಸಗಿಗೆ ಬತ್ತಿದಾಗ ಕೇಳಿದರೆ, "ನಿಮ್ಮ ಬಾವಿ ನಿಮಗ ಕೊಟ್ಟೀವಲ್ಲ" ಅಂದರಂತ. ಬ್ಯಾರೆ ಬಾವಿ ಕೊಟ್ಟ ದಿನವೇ ಊರ ಬಾವಿಯ ಹಕ್ಕಿನ ಮಾತು ಮುಗಿದಿತ್ತು.

2016ರ ಫೆಬ್ರವರಿ 8ರಂದು ಟ್ರಾಯ್ ನಿಯಮ ಹೊರಡಿಸಿತು: ಏನು ನೋಡುತ್ತಾರೆ ಅನ್ನುವುದರ ಮೇಲೆ ಡೇಟಾಕ್ಕೆ ಬೇರೆ ಬೇರೆ ದರ ಹಾಕುವಂತಿಲ್ಲ. ತಪ್ಪಿದರೆ ದಿನಕ್ಕೆ 50,000 ರೂಪಾಯಿ ದಂಡ, ಗರಿಷ್ಠ 50 ಲಕ್ಷ. ತುರ್ತು ಸೇವೆಗೆ ಮಾತ್ರ ವಿನಾಯಿತಿ. ಮೂರೇ ದಿನದಲ್ಲಿ ಫ್ರೀ ಬೇಸಿಕ್ಸ್ ಭಾರತದಿಂದ ಎದ್ದು ಹೋಯಿತು. ಅಮೆರಿಕದಲ್ಲಿ 2017ರ ಡಿಸೆಂಬರಿನಲ್ಲಿ ಇಂಥದ್ದೇ ನಿಯಮವನ್ನು ಕಿತ್ತುಹಾಕಿದರೆ, ನಮ್ಮಲ್ಲಿ 2018ರಲ್ಲಿ ಅದನ್ನು ಲೈಸೆನ್ಸಿನ ಷರತ್ತಿಗೇ ಸೇರಿಸಿದರು. ಒಳ್ಳೇದಾತು. ಕಂಪನಿಯನ್ನು ಸರ್ಕಾರ ಹಿಡಿಯಬಾರದು, ಮಾರುಕಟ್ಟೆಯೇ ನೋಡಿಕೊಳ್ತದ ಅನ್ನೋರಿಗೆ ನನ್ನದು ಒಂದೇ ಪ್ರಶ್ನೆ: ಮಸೂರಿನ ಬಂಡಿ ಸ್ಟ್ಯಾಂಡೂ ಮಾರುಕಟ್ಟೆಯೇ ಅಲ್ಲೇನು?

ಆದರೆ ಈ ನಿಯಮ ಹಳಿಯ ಮೇಲಿನ ನಿಯಮ. ಒಳಗೆ ಬಂದವನಿಗೆ ಭೇದ ಮಾಡಬೇಡಿ ಅಂತದ, ಯಾರ ಮನೀ ಬಾಗಿಲಿಗೆ ವೈರ್ ಬರಬೇಕು ಅನ್ನೋದು ಅದರಾಗ ಇಲ್ಲ. ಅದಕ್ಕಂತ ಬೇರೆ ಯೋಜನೆ ಐತಿ. ಟೆಲಿಕಾಂ ಕಂಪನಿಗಳ ಆದಾಯದಲ್ಲಿ 5 ಪ್ರತಿಶತ ಸಾರ್ವತ್ರಿಕ ಸೇವಾ ನಿಧಿಗೆ ಹೋಗ್ತಿತ್ತು. ಆ ನಿಧಿಯಿಂದಲೇ 2011ರಲ್ಲಿ ಒಪ್ಪಿಗೆ ಆದ, ಆಮೇಲೆ ಭಾರತ್‌ನೆಟ್ ಅಂತ ಹೆಸರಾದ ಕೆಲಸ ನಡೆದದ್ದು: ಎರಡೂವರೆ ಲಕ್ಷ ಗ್ರಾಮ ಪಂಚಾಯ್ತಿಗೆ ಫೈಬರ್. ಪಂಚಾಯ್ತಿ ತನಕ. ಅಲ್ಲಿಂದ ಮುಂದ? ನಮ್ಮ ಪಂಚಾಯ್ತಿಯಾಗ ಆ ಡಬ್ಬಿ ಕಪಾಟಿನ ಮ್ಯಾಲ ಧೂಳು ಹಿಡಿದು ಕುಂತಿತ್ತು. 2020ರ ಲಾಕ್‌ಡೌನಿನಾಗ ವಿದ್ಯಾಗಮದ ವಠಾರ ಶಾಲೆ ನಮ್ಮೂರಾಗ ಗುಡಿಕಟ್ಟಿ ಮ್ಯಾಲ ನಡೀತು. ಕೇರಿಯ ಹುಡುಗರು ಕಟ್ಟಿ ಕೆಳಗ ನಿಂತವು. ಮೊಬೈಲಿನಾಗ ಕಲೀರಿ ಅಂದ್ರ ಸಿಗ್ನಲ್ ಸಿಗೋದು ಹಳ್ಳದ ದಿಬ್ಬದ ಮ್ಯಾಲ. ಬೋಲೆ ಠರಾವಿನ ಮಾತೇ ಇಲ್ಲಿಗೂ ಅನ್ವಯ: ಸಾರ್ವಜನಿಕ ನಿಧಿಯಿಂದ ಎಳೆದ ವೈರ್ ಊರ ಅರ್ಧಕ್ಕ ನಿಲ್ಲೋ ಹಂಗಿಲ್ಲ.

ಇನ್ನೊಂದು ಮಾತು, ನಮ್ಮೊಳಗೇ ಜಗಳ ಆಗೋ ಮಾತು. ನಿಯಂತ್ರಣ ಬೇಕು ಅಂತ ನಾವು ಕೇಳೋದು ಯಾರನ್ನ? ಸರ್ಕಾರವನ್ನ. ಅದೇ ಸರ್ಕಾರದ ಕೈಯಾಗ ಸ್ವಿಚ್ಚೂ ಐತಿ. 2018ರ ಮಾರ್ಚ್ 20ರಂದು (ಮಹಾಡದ ದಿನವೇ ನೋಡ್ರಿ) ಸುಪ್ರೀಂ ಕೋರ್ಟ್ ದೌರ್ಜನ್ಯ ತಡೆ ಕಾಯ್ದೆಯನ್ನು ಸಡಿಲ ಮಾಡಿತು. ಏಪ್ರಿಲ್ 2ರಂದು ಭಾರತ ಬಂದ್. ಪಂಜಾಬಿನಲ್ಲಿ ಹಿಂದಿನ ದಿನವೇ ಮೊಬೈಲ್ ಇಂಟರ್ನೆಟ್ ನಿಲ್ಲಿಸಿದರು, ಮಧ್ಯಪ್ರದೇಶ, ರಾಜಸ್ಥಾನದ ಕೆಲವು ಕಡೆಯೂ ಬಂದ್ ಆಯಿತು. ನಮ್ಮವರ ಮೇಲೆ ಗುಂಡು ಹಾರಿದಾಗ ವಿಡಿಯೋ ಕಳಿಸೋಕೆ ನೆಟ್ ಇರಬೇಕಲ್ಲ! 2019ರ ಡಿಸೆಂಬರಿನಲ್ಲಿ ಮಂಗಳೂರಿನಲ್ಲೂ ಹಿಂಗೇ ಆತು. ಆಗ ಇದಕ್ಕೆ ಆಧಾರವಾಗಿದ್ದದ್ದು 1885ರ ಟೆಲಿಗ್ರಾಫ್ ಕಾಯ್ದೆ, ಅಂದರೆ ಬಾದಾಮಿಗೆ ರೈಲು ಬಂದ ಮರುವರ್ಷದ್ದು. 2020ರ ಜನವರಿ 10ರಂದು ಅನುರಾಧಾ ಭಸೀನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಅನಿರ್ದಿಷ್ಟ ಕಾಲ ಬಂದ್ ಮಾಡುವಂತಿಲ್ಲ, ಆದೇಶ ಪ್ರಕಟಿಸಬೇಕು ಅಂದಿತು. 2023ರ ಹೊಸ ಟೆಲಿಕಾಂ ಕಾಯ್ದೆಯಲ್ಲೂ ಬಂದ್ ಮಾಡುವ ಅಧಿಕಾರ ಹಂಗೇ ಉಳಿದೈತಿ.

ಅದಕ್ಕ ಕೆಲವು ಗೆಳೆಯರು, ಸರ್ಕಾರದ ಕೈಗೆ ಏನೂ ಕೊಡಬಾರದು ಅಂತಾರ. ನಾನು ಒಪ್ಪಂಗಿಲ್ಲ. ಪುರಸಭೆ ನಿರ್ಣಯ ವಾಪಸ್ ತಗೊಂಡಿತು ಅಂತ ಬಾಬಾಸಾಹೇಬರು ಕಾನೂನನ್ನು ಬಿಟ್ಟರೇನು? ಹತ್ತು ವರ್ಷ ಕೋರ್ಟಿನಲ್ಲಿ ಗುದ್ದಾಡಿದರು. ಕಂಪನಿಗೂ ಕಟ್ಟು ಬೇಕು, ಕಟ್ಟು ಹಾಕೋರಿಗೂ ಕಟ್ಟು ಬೇಕು.

ನಮ್ಮ ಹುಡುಗರ ಕಥೆಗೆ ಬರ್ತೀನಿ. ಮೂರು ಸಲ ಅಲೆದ ಮ್ಯಾಲ ಕೇಬಲ್ಲಿನವ ಒಂದು ದಾರಿ ಹೇಳಿದ. ಹಳ್ಳ ದಾಟಿಸೋ ವೈರಿನ ರೊಕ್ಕ ನೀವೇ ಕೊಡ್ರಿ, ಎರಡು ಕಂಬ ನೀವೇ ನಿಲ್ಲಿಸ್ರಿ, ಕನೆಕ್ಷನ್ ಕೊಡ್ತೀನಿ. ಊರೊಳಗಿನ ಮಂದಿಗೆ ಹಾಕಿದ್ದಕ್ಕಿಂತ ದುಪ್ಪಟ್ಟಾತು. ಹೋದ ಭಾನುವಾರ ಹುಡುಗರೇ ಗುಂಡಿ ತೋಡಿ ಕಂಬ ನಿಲ್ಲಿಸಿ ವೈರ್ ಎಳೆದರು. ಅವ ದಂಡ್ಯಾಗ ನಿಂತು ಹಿಂಗ ಎಳೀರಿ, ಹಂಗ ಕಟ್ರಿ ಅಂತಿದ್ದ. ಈ ಪೋಸ್ಟ್ ಆ ನೆಟ್ಟಿನಿಂದಲೇ ಹಾಕಾಕತ್ತೀನಿ. ನಿಮ್ಮ ಕೇರಿಗೆ ವೈರ್ ಎಲ್ಲಿ ತನಕ ಬಂದೈತಿ, ಕಾಮೆಂಟಿನಾಗ ಊರ ಹೆಸರಿನ ಸಮೇತ ಬರೀರಿ. ಎಲ್ಲಾ ಕೂಡಿಸಿ ಜಿಲ್ಲಾಧಿಕಾರಿಗೆ ಮನವಿ ಕೊಡೋದೈತಿ.

ಜೈಭೀಮ್.