ದೋಣಿಗೂ ಒಂದು ರಹದಾರಿ

ಬಂಟ್ವಾಳದ ಪೇಟೆಯನ್ನು ಬೆಳೆಸಿದುದು ನೇತ್ರಾವತಿಯ ದೋಣಿ. ಘಟ್ಟದ ಮೇಲಿನ ಸರಕು ಎತ್ತುಗಳ ಬೆನ್ನೇರಿ ಇಳಿದು ಬಂದು, ಇಲ್ಲಿ ದೋಣಿಗೇರಿ ಮಂಗಳೂರ ಬಂದರಿಗೆ ಸಾಗುತ್ತಿದ್ದಿತು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಹೊಳೆದಡದ ಜೇಡಿಮಣ್ಣಿಗೂ ದೋಣಿಯೇ ವಾಹನವಾಯಿತು. ಮುಂದೆ ರಸ್ತೆಗಳೂ ಸೇತುವೆಗಳೂ ಬಂದು ಆ ದೋಣಿಗಳನ್ನು ದಡಕ್ಕೆ ತಳ್ಳಿದುವು. ಈಗ ನೀರಿಗಿಳಿಯಲು ಹಂಬಲಿಸುವವರಲ್ಲಿ ಬಹುಮಂದಿ ವಿಹಾರಪ್ರಿಯರು. ಸಂಜೆಗೊಮ್ಮೆ ಸುಮ್ಮನೆ ತೇಲುವ ದೋಣಿಗೂ ಸರಕಾರದ ಕಾಗದ ಬೇಕೆ ಎಂದು ಅವರು ಕೇಳುವುದುಂಟು. ಬೇಕು, ಆದರೆ ಏಕೆ ಬೇಕೆಂಬುದನ್ನು ಚರಿತ್ರೆಯಿಂದ ತಿಳಿಯುವುದು ಲೇಸು.

ದೋಣಿಯ ಕಾಗದವೆಂದರೆ ಮುಖ ಸಿಂಡರಿಸಲು ನಮ್ಮ ಕರಾವಳಿಯವರಿಗೆ ಹಳೆಯದೊಂದು ಕಾರಣವಿದೆ. 16ನೆಯ ಶತಮಾನದಲ್ಲಿ ಪೋರ್ಚುಗೀಸರು ಅರಬ್ಬೀ ಸಮುದ್ರದ ಹಡಗುಗಳಿಗೆಲ್ಲ ‘ಕಾರ್ತಾಜ್’ ಎಂಬ ರಹದಾರಿಯನ್ನು ಕಡ್ಡಾಯ ಮಾಡಿದರು. ಹಡಗಿನ ಹೆಸರು, ನಾಖೋದನ ಹೆಸರು, ಹೊತ್ತ ಆಯುಧ, ಮುಟ್ಟುವ ಬಂದರು—ಎಲ್ಲವೂ ಅದರಲ್ಲಿ ಬರೆದಿರಬೇಕು. ಕಾಗದವಿಲ್ಲದ ಹಡಗು ಸಿಕ್ಕಿದರೆ ಸರಕು ಸಹಿತ ಮುಟ್ಟುಗೋಲು. ಕಾಗದದ ಬೆಲೆ ಅಲ್ಪ. ಅವರ ಬಂದರಿಗೆ ಹೋಗಿ ಸುಂಕ ತೆರಬೇಕೆಂಬ ಕಟ್ಟಳೆಯೇ ಭಾರ. ಹಡಗು ಗಟ್ಟಿಯೋ ಲೊಡ್ಡೋ ಎಂಬುದು ಅವರ ಚಿಂತೆಯಲ್ಲ.

ಇದು ಕೇವಲ ಕಡಲಂಚಿನ ಕಥೆಯಲ್ಲ. ಪೋರ್ಚುಗೀಸರನ್ನು ಎದುರಿಸಿದ ಉಳ್ಳಾಲದ ಅಬ್ಬಕ್ಕ, ಮೂಡುಬಿದಿರೆಯ ಸೀಮೆಯನ್ನೂ ಆಳಿದ ಚೌಟರ ಮನೆತನದವಳು. ಅವಳ ಗಂಡನೆಂದು ಹೇಳಲಾಗುವ ಬಂಗರಸನ ವಂಶದ ಮೂಲನೆಲೆ ಬೆಳ್ತಂಗಡಿ ತಾಲೂಕಿನ ಬಂಗಾಡಿ. ಬಂಟ್ವಾಳದ ಬಳಿಯ ನಂದಾವರದಲ್ಲೂ ಅವರ ಅರಮನೆಯಿದ್ದಿತು. ಮೂಡುಬಿದಿರೆಯ ಸಾವಿರ ಕಂಬದ ಬಸದಿಯಲ್ಲಿ, ಭೈರಾದೇವಿ ಮಂಟಪದ ಜಗಲಿಯ ಮೇಲೆ ಕೆತ್ತಿದ ಜಿರಾಫೆಯನ್ನೂ ಚೀನೀ ಡ್ರ್ಯಾಗನ್ನನ್ನೂ ನೋಡಿದವರಿಗೆ, ಒಳನಾಡಿನ ಆ ಊರಿಗೆ ಕಡಲಿನ ನಂಟು ಎಷ್ಟಿತ್ತೆಂದು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ದೋಣಿಯ ಕಟ್ಟಳೆಗೆ ಇನ್ನೊಂದು ಮುಖವೂ ಉಂಟು. ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿದ್ದ ಹಸ್ತಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚು ಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ನಾವಧ್ಯಕ್ಷನೆಂಬ ಅಧಿಕಾರಿಯ ಪ್ರಕರಣವಿದೆ. ಅಲ್ಲಿ ಸುಂಕವೂ ಇದೆ, ಹೊತ್ತಲ್ಲದ ಹೊತ್ತಿನಲ್ಲಿ ಹೊಳೆ ದಾಟಿದವರಿಗೆ ದಂಡವೂ ಇದೆ. ಬಸುರಿಗೆ, ರೋಗಿಗೆ, ಮಕ್ಕಳಿಗೆ, ಮುದುಕರಿಗೆ ಮುದ್ರೆಯ ಚೀಟಿಯ ಮೇಲೆ ಬಿಟ್ಟಿ ಪ್ರಯಾಣ. ಮಹಾನದಿಗಳ ದೋಣಿಯಲ್ಲಿ ಚುಕ್ಕಾಣಿ ಹಿಡಿಯುವವನಿಂದ ಹಿಡಿದು, ಒಳಹೊಕ್ಕ ನೀರನ್ನು ಮೊಗೆದು ಚೆಲ್ಲುವವನ ತನಕ ಆಳುಗಳಿರಲೇಬೇಕು. ಎಲ್ಲಕ್ಕೂ ಮಿಗಿಲಾದ ಮಾತು ಇದು: ಆಳು ಸಾಲದೆ, ಸಲಕರಣೆ ಸಾಲದೆ, ರಿಪೇರಿಯಿಲ್ಲದೆ ದೋಣಿ ಕೆಟ್ಟರೆ ಆ ನಷ್ಟವನ್ನು ನಾವಧ್ಯಕ್ಷನೇ ತುಂಬಿಕೊಡತಕ್ಕದ್ದು. ಸುಂಕ ಎತ್ತಿದವನೇ ಹೊಣೆಗಾರ!

ಇಂಗ್ಲಿಷರ ಕಾಲದಲ್ಲಿ ಈ ಎರಡು ಮುಖಗಳೂ ಕೂಡಿಕೊಂಡುವು. ನಮ್ಮ ಜಿಲ್ಲೆ ಮದ್ರಾಸು ಆಧಿಪತ್ಯದಲ್ಲಿದ್ದಾಗ ಕಾಲುವೆಗಳನ್ನೂ ಸಾರ್ವಜನಿಕ ಕಡವುಗಳನ್ನೂ ಕುರಿತ 1890ರ ಕಾಯಿದೆ ಬಂದಿತು. 1917ರ ಕಾಯಿದೆ ಒಳನಾಡಿನ ಉಗಿದೋಣಿಗಳಿಗೆ ತಪಾಸಣೆಯ ಪತ್ರವನ್ನು ಕಡ್ಡಾಯ ಮಾಡಿತು. ಅದರ ಸ್ಥಾನದಲ್ಲಿ ಈಗಿರುವುದು 2021ರ ಒಳನಾಡು ನೌಕೆಗಳ ಕಾಯಿದೆ. ಇದರ ಪ್ರಕಾರ ಎಂಜಿನ್ ಜೋಡಿಸಿದ ದೋಣಿಗೆ ಮೊದಲು ತಪಾಸಣೆ, ಅನಂತರ ನೋಂದಣಿ. ನೋಂದಣಿಯ ಸಂಖ್ಯೆ ದೋಣಿಯ ಮೇಲೆ ಎದ್ದು ಕಾಣಬೇಕು. ವಿಮೆ ಬೇಕು, ನಡೆಸುವವನಿಗೆ ಅರ್ಹತೆಯ ಪತ್ರ ಬೇಕು, ಜೀವರಕ್ಷಕ ಸಾಧನಗಳೂ ಬೆಂಕಿ ಆರಿಸುವ ಸಾಧನಗಳೂ ಬೇಕು. ಹುಟ್ಟು ಹಾಕುವ, ಜಲ್ಲೆ ಊರುವ ದೋಣಿಗಳನ್ನು ಸ್ಥಳೀಯ ಸಂಸ್ಥೆಗಳ ಮಟ್ಟದಲ್ಲೇ ಪಟ್ಟಿಗೆ ಸೇರಿಸಲು ಕಾಯಿದೆ ಅವಕಾಶ ಕಲ್ಪಿಸಿದೆ.

ಇದೆಲ್ಲ ಬರಿಯ ಕಿರುಕುಳವೆ? 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ಜಾತ್ರೆಯ ದಿನ ಮಿತಿಮೀರಿ ಜನ ತುಂಬಿದ ದೋಣಿ ಮಗುಚಿ 16 ಮಂದಿ ತೀರಿಕೊಂಡರು. 2023ರ ಮೇ 7ರಂದು ಕೇರಳದ ತಾನೂರಿನಲ್ಲಿ, ಮೀನುಗಾರಿಕೆಯ ದೋಣಿಯನ್ನೇ ಮಾರ್ಪಡಿಸಿ ಮಾಡಿದ್ದ ವಿಹಾರದೋಣಿ ಮುಳುಗಿ 22 ಜೀವಗಳು ಹೋದುವು. ಸತ್ತವರಲ್ಲಿ ಎಳೆಯ ಮಕ್ಕಳೂ ಇದ್ದರು. ಸರಕಿನ ದೋಣಿ ಮುಳುಗಿದರೆ ಈಜು ಬಲ್ಲ ಅಂಬಿಗರು ದಡ ಸೇರುತ್ತಿದ್ದರು. ವಿಹಾರದ ದೋಣಿಯಲ್ಲಿ ಕುಳಿತವರೋ ಹೊಳೆಯ ಸ್ವಭಾವವನ್ನೇ ಅರಿಯದ ಪಟ್ಟಣಿಗರು. ಆದಕಾರಣ ಸರಕಿನ ದೋಣಿಗಿಂತ ವಿಹಾರದ ದೋಣಿಗೇ ಕಟ್ಟಳೆ ಹೆಚ್ಚು ಅವಶ್ಯವೆಂದು ನನಗೆ ತೋರುತ್ತದೆ.

ಆದರೆ ಕಾಗದದ ಬೆಲೆ ಅದರ ಹಿಂದಿರುವ ತಪಾಸಣೆಯಲ್ಲಿದೆ. ದೋಣಿಯ ತಳವನ್ನು ಮುಟ್ಟಿ ನೋಡದೆ, ಎಷ್ಟು ಜನ ಹಿಡಿಸುತ್ತದೆಂದು ಎಣಿಸದೆ ಒತ್ತಿದ ಮುದ್ರೆ ಕಾರ್ತಾಜಿನ ಮೊಮ್ಮಗ. ಹಣ ಎತ್ತೀತು, ಜೀವ ಉಳಿಸದು. ಮುದ್ರೆ ಒತ್ತಿದವನೂ ದೋಣಿಯವನ ಜೊತೆಗೆ ಹೊಣೆ ಹೊತ್ತಾಗ ಮಾತ್ರ ಕೌಟಿಲ್ಯನ ನೀತಿ ಉಳಿದಂತೆ. ಉಳಿದ ಕೆಲಸ ನಮ್ಮದು: ಹತ್ತುವ ಮೊದಲು ಸಂಖ್ಯೆಯನ್ನು ನೋಡುವುದು, ಜೀವರಕ್ಷಕ ಅಂಗಿಯನ್ನು ಕೇಳುವುದು, ಎರಡೂ ಇಲ್ಲವಾದರೆ ದಡದಲ್ಲೇ ನಿಲ್ಲುವುದು.